ಮಾಳಿಗೆಯ ಮೇಲೆ ಬಂಕಿನ ಮಣ್ಣು

ಬಾಣಂತಿಯ ಮಾತಿಗೆ ಮನೆಯಲ್ಲಿ ಬೆಲೆ ಇರುವುದಿಲ್ಲ. ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಬಿಗಿದು, ಕತ್ತಲ ಕೋಣೆಯಲ್ಲಿ ಮಲಗಿಸಿದ ಮೇಲೆ ಅವಳು ಏನು ಹೇಳಿದರೂ ಅದು ಹಸಿ ಮೈಯವಳ ಗೊಣಗಾಟ. ಗುಮ್ಮಘಟ್ಟದ ಹತ್ತಿರದ ನನ್ನ ತವರಿನಲ್ಲಿ, ಮಗಳನ್ನು ಹೆತ್ತು ಆಸ್ಪತ್ರೆಯಿಂದ ಬಂದ ಮರುದಿನ ಮಧ್ಯಾಹ್ನ ನಾನು, "ಅವ್ವಾ, ಈ ಕೋಣ್ಯಾಗ ಪೆಟ್ರೋಲ್ ವಾಸ್ನಿ ಬರ್ತೈತಿ" ಎಂದೆ. ಅವ್ವ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸುತ್ತಿದ್ದ ಕೈಯನ್ನೂ ನಿಲ್ಲಿಸಲಿಲ್ಲ. "ಹೆತ್ತಾಕಿ ಮೂಗು ಹಂಗೇ. ನಿನ್ನ ಹೆತ್ತಾಗ ನನಗ ನಿಮ್ಮಪ್ಪನೇ ವಾಸ್ನಿ ಹೊಡೀತಿದ್ದ" ಎಂದಳು. ಹೊರಗೆ ಕೂತಿದ್ದ ಅಪ್ಪ ಗಟ್ಟಿಯಾಗಿ ನಕ್ಕ. ನನಗೆ ನಗು ಬರಲಿಲ್ಲ.

ಯಾಕೆಂದರೆ ಆ ವಾಸನೆ ನನಗೆ ಸಂಬಳ ಕೊಟ್ಟ ವಾಸನೆ. ರಾಯದುರ್ಗದ ಊರಂಚಿನಲ್ಲಿ ಒಂದು ಹಳೆಯ ಪೆಟ್ರೋಲ್ ಬಂಕ್ ಇತ್ತು, ಮುಚ್ಚಿ ಎಷ್ಟೋ ವರ್ಷವಾಗಿತ್ತು. ಜೀನ್ಸ್ ಹೊಲಿಯುವ ಶೆಡ್ ಕಟ್ಟಬೇಕೆಂದು ಯಾರೋ ಆ ಜಾಗ ಕೊಂಡು ಪಾಯ ತೋಡಿಸಿದಾಗ ಬೂದು ಬಣ್ಣದ ಅಂಟು ಮಣ್ಣು ಎದ್ದಿತು. ನೆಲದೊಳಗಿನ ಟ್ಯಾಂಕು ತುಕ್ಕು ಹಿಡಿದು, ಯಾರಿಗೂ ತಿಳಿಯದಂತೆ ಸೋರಿಕೊಂಡೇ ಇತ್ತು. ಆ ಮಣ್ಣನ್ನು ಶುದ್ಧ ಮಾಡುವ ಗುತ್ತಿಗೆ ಹಿಡಿದವರು ಸಿವಿಲ್ ಡಿಪ್ಲೊಮಾ ಓದಿದ ನನ್ನನ್ನು ಕೆಲಸಕ್ಕೆ ತೆಗೆದುಕೊಂಡರು. ಕೆಟ್ಟ ಮಣ್ಣನ್ನು ಅಗೆದು, ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳ್ಳಗೆ ಹರಡಿ, ಸಗಣಿ ಗೊಬ್ಬರ ಕಲಸಿ, ನೀರು ಚಿಮುಕಿಸಿ, ಆಗಾಗ ತಿರುವಿ ಹಾಕುತ್ತಿದ್ದೆವು. ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಹುಳುಗಳು ಎಣ್ಣೆಯನ್ನು ನಿಧಾನಕ್ಕೆ ತಿಂದು ಮುಗಿಸುತ್ತವೆ ಎಂದು ನಮ್ಮ ಸಾರ್ ಹೇಳುತ್ತಿದ್ದರು. ಸಾರ್ ಅಂದರೆ ಸೈಟಿನ ಮೇಲ್ವಿಚಾರಕರು, ತೆಲುಗಿನವರು, ಯಾರಿಗೂ ಏರುದನಿಯಲ್ಲಿ ಮಾತಾಡದ ಮನುಷ್ಯ. ಮಣ್ಣಿನ ಮಾದರಿ ಬಾಟಲಿಗೆ ತುಂಬುವುದು, ಮುಚ್ಚಳ ಬಿಗಿದು ಬಿಸಿಲಿಗಿಡುವುದು, ಆಮೇಲೆ ಒಳಗೆ ಕಟ್ಟಿಕೊಂಡ ಗಾಳಿಯನ್ನು ಮೀಟರಿನಿಂದ ಅಳೆಯುವುದು ನನ್ನ ಕೆಲಸ. ಹೊಟ್ಟೆ ಮುಂದೆ ಬಂದು ಬಗ್ಗಲು ಆಗದವರೆಗೂ ಅದನ್ನೇ ಮಾಡಿದೆ.

ಅಂಥವಳಿಗೆ ಮೂಗು ಸರಿಯಿಲ್ಲ ಅಂದರೆ ಸಿಟ್ಟು ಬರದೆ ಇರುತ್ತದೆಯೇ?

ನಮ್ಮ ಮನೆಯ ಮುಂಭಾಗಕ್ಕೆ ಶೀಟು ಹೊದಿಸಿದೆ. ಬೇಸಿಗೆಯಲ್ಲಿ ಅದರ ಕೆಳಗೆ ಕೂತರೆ ರೊಟ್ಟಿಯ ಹಂಚಿನ ಮೇಲೆ ಕೂತ ಹಾಗೆ. ಒಳಗಿನ ಕೋಣೆ ಮಾತ್ರ ಹಳೆಯ ಮಣ್ಣಿನ ಮಾಳಿಗೆ. ತೊಲೆ, ಜಂತೆ, ಮೇಲೆ ಬಂದರಿಕೆ ಸೊಪ್ಪು, ಅದರ ಮೇಲೆ ಮಣ್ಣು. ತಂಪಾಗಿರುತ್ತದೆಂದು ನನ್ನನ್ನೂ ಕೂಸನ್ನೂ ಅಲ್ಲಿಗೇ ಹಾಕಿದರು. ಪ್ರತಿ ವರ್ಷ ಮಳೆಗೆ ಮುಂಚೆ ಅಪ್ಪ ಕೆರೆಯ ಅಂಗಳದಿಂದ ಕರ್ಲು ಮಣ್ಣು ತಂದು ಮಾಳಿಗೆಗೆ ಹೊಸದಾಗಿ ಹಾಕುತ್ತಿದ್ದ. ಉಪ್ಪು ಬೆರೆತ ಆ ಮಣ್ಣು ನೀರು ಕುಡಿಯುವುದಿಲ್ಲ. ಆದರೂ ನಮ್ಮ ಮಾಳಿಗೆ ಒಂದು ಮೂಲೆಯಲ್ಲಿ ಸೋರುತ್ತಿತ್ತು, ಅಲ್ಲಿ ಕೊಡ ಇಟ್ಟೇ ನಾನು ದೊಡ್ಡವಳಾದದ್ದು. ಈ ಸಲ ಕೆರೆಯ ಅಂಗಳಕ್ಕೆ ಯಾರೋ ಬೇಲಿ ಹಾಕಿದ್ದರು. ಹೆರಿಗೆಗೆ ಮಗಳು ಬರುತ್ತಾಳೆ, ಮಾಳಿಗೆ ಸೋರಬಾರದು ಎಂದು ಅಪ್ಪ ಅಲ್ಲಿ ಇಲ್ಲಿ ಮಣ್ಣಿಗೆ ಅಲೆದನಂತೆ. ಎಲ್ಲಿಂದ ತಂದೆ ಎಂದು ನಾನು ಕೇಳಿದ್ದಕ್ಕೆ, "ಚಲೋ ಮಣ್ಣು ಸಿಕ್ತವ್ವ, ನೀನು ಸುಮ್ನ ಮಲಕ್ಕೋ" ಎಂದಿದ್ದ.

ಸುಮ್ಮನೆ ಮಲಗಿಕೊಂಡರೆ ಕಣ್ಣು ಮಾಳಿಗೆಗೇ ಹೋಗುತ್ತದೆ. ಬೆಳಗ್ಗೆ ವಾಸನೆ ಇರುತ್ತಿರಲಿಲ್ಲ. ಬಿಸಿಲು ಏರಿದಂತೆ ಮೇಲಿನಿಂದ ಇಳಿಯುತ್ತಿತ್ತು, ಮಧ್ಯಾಹ್ನಕ್ಕೆ ನಾಲಗೆಯ ಮೇಲೆ ಕೂರುತ್ತಿತ್ತು. ನನ್ನ ತಲೆ ಸಿಡಿಯುತ್ತಿತ್ತು. ಆ ಕೋಣೆಯಲ್ಲಿ ನಾನು ಹುಟ್ಟುವ ಮೊದಲಿನಿಂದಲೂ ಹಲ್ಲಿಗಳಿದ್ದವು. ಮಾತಿನ ನಡುವೆ ಅವು ಲೊಚಗುಟ್ಟಿದರೆ ಅವ್ವ ನೆಲಕ್ಕೆ ಬೆರಳು ತಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತಿದ್ದಳು. ಈಗ ಒಂದು ಹಲ್ಲಿಯೂ ಇರಲಿಲ್ಲ. ಅಪ್ಪನಿಗೆ ಅದು ಖುಷಿಯ ವಿಷಯ. "ನೋಡು, ಈ ವರ್ಷ ಒಂದು ಚೇಳಿಲ್ಲ, ಜರಿ ಇಲ್ಲ, ಗೆದ್ದಲಿಲ್ಲ. ಕೂಸಿನ ಕಾಲ್ಗುಣ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಗೆದ್ದಲೇ ಬಿಟ್ಟುಹೋದ ಮಾಳಿಗೆಯ ಕೆಳಗೆ ನನ್ನ ಕೂಸು ಮಲಗಿತ್ತು.

ಮತ್ತೆ ಅದು ಬಹಳ ಮಲಗುತ್ತಿತ್ತು. ಹಸುಗೂಸು ಮಲಗುವುದೇ ತಾನೆ ಎಂದು ಅವ್ವ ಅನ್ನುತ್ತಾಳೆ, ಹೌದು. ಆದರೆ ಮಧ್ಯಾಹ್ನದ ಹೊತ್ತು ಹಾಲಿಗೆ ಎಬ್ಬಿಸಿದರೂ ಏಳುತ್ತಿರಲಿಲ್ಲ. ಅಂಗಾಲಿಗೆ ಬೆರಳಿನಿಂದ ಹೊಡೆಯುತ್ತಿದ್ದೆ, ಮೂಗಿನ ಮುಂದೆ ಕೈ ಹಿಡಿದು ಉಸಿರು ಬರುತ್ತಿದೆಯೇ ನೋಡುತ್ತಿದ್ದೆ. ಬಿಸಿಗೆ ಹೀಗೆ ಮಲಗಿದೆಯೋ, ವಾಸನೆಗೆ ಮಂಕಾಗಿದೆಯೋ, ಅಥವಾ ಹುಟ್ಟಿದ್ದೇ ಹೀಗೋ, ಯಾರನ್ನು ಕೇಳಲಿ? ಕೆಂಡದ ಬಾಣಲೆ ಒಳಗೆ ತರಬೇಡ ಎಂದು ಅವ್ವನೊಂದಿಗೆ ಜಗಳವಾಡಿದೆ. "ಸಾಂಬ್ರಾಣಿ ಹೊಗಿ ಇಲ್ದ ಯಾವ ಕೂಸು ಬೆಳದೈತಿ?" ಎಂದು ಅವಳು ತಂದೇ ತಂದಳು. ಆ ಕೆಂಡ ಹೊರಗೆ ಹೋಗುವವರೆಗೂ ನಾನು ಕೂಸನ್ನು ಎದೆಗವಚಿಕೊಂಡು ಬಾಗಿಲ ಬಳಿ ಕೂತಿರುತ್ತಿದ್ದೆ.

ಗುಡಿಬಂಡೆಯ ಕಡೆ ನನ್ನ ಗಂಡನ ಊರು. ಫೋನಿನಲ್ಲಿ ಹೇಳಿದರೆ ಅವನು ಒಂದೇ ಮಾತಿಗೆ, "ನಾಳೀಕೇ ಕಾರು ತತ್ತೀನಿ ಕಣೇ, ಇಲ್ಲಿಗೆ ಬಂದ್ಬುಡು. ನಮ್ಮ ಮನೇಲಿ ಸಿಮೆಂಟ್ ಮೋಲ್ಡ್ ಹಾಕೈತೆ, ಮಣ್ಣೂ ಇಲ್ಲ ಏನೂ ಇಲ್ಲ" ಎಂದ. ಅವ್ವ ಫೋನು ಕಿತ್ತುಕೊಂಡು, "ತೊಟ್ಟಿಲಿಗೆ ಹಾಕೋ ತನಕ ಬಾಣಂತಿ ಹೊಸ್ತಿಲು ದಾಟಂಗಿಲ್ರಿ, ಅಳಿಯಂದ್ರೆ" ಎಂದು ಇಟ್ಟುಬಿಟ್ಟಳು. ಹೊಸ್ತಿಲು ನನ್ನಿಂದ ಎರಡು ಮಾರು ದೂರದಲ್ಲಿತ್ತು. ಮಲಗಿದಲ್ಲಿಂದ ಅದನ್ನು ನೋಡುತ್ತ ಅತ್ತೆ. ಎದ್ದು ದಾಟಬಹುದಿತ್ತು. ಆದರೆ ವಾಸನೆ ನಿಜಕ್ಕೂ ನನ್ನ ಭ್ರಮೆಯಾಗಿದ್ದರೆ, ಹಸುಗೂಸಿಗೆ ಹೊರಗಿನ ಗಾಳಿ ಹಿಡಿದು ಏನಾದರೂ ಆದರೆ ಎಂಬ ಹೆದರಿಕೆ ಕಾಲು ಹಿಡಿದಿತ್ತು.

ಕೊನೆಗೆ ನನಗೆ ಬರುವ ಒಂದೇ ವಿದ್ಯೆಯನ್ನು ಮಾಡಿದೆ. ಜಂತೆಯ ಸಂದಿಯಿಂದ ಹಾಸಿಗೆಯ ಮೇಲೆ ಮಣ್ಣು ಉದುರುತ್ತಲೇ ಇತ್ತು. ಕೂಸಿನ ಜೇನುತುಪ್ಪದ ಖಾಲಿ ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ಆ ಮಣ್ಣನ್ನು ಕೂಡಿಸಿ ಹಾಕಿದೆ. ಸಾಲದ್ದಕ್ಕೆ ಸೌಟಿನ ಹಿಡಿಯಿಂದ ಸಂದಿಯನ್ನು ಕೆರೆದೆ. ಮುಚ್ಚಳ ಬಿಗಿದು, ಅಂಗಳದ ಬಿಸಿಲಿನಲ್ಲಿ ಇಡು ಎಂದು ಅವ್ವನ ಕೈಗೆ ಕೊಟ್ಟೆ. ಮಾಟದ ಬಾಟಲಿ ಹಿಡಿದಂತೆ ಸೆರಗಿನಲ್ಲಿ ಹಿಡಿದುಕೊಂಡು ಹೋದಳು.

ಊಟಕ್ಕೆ ಬಂದ ಅಪ್ಪನನ್ನು ಹೊಸ್ತಿಲ ಬಳಿ ಕರೆದು, ಬಿಸಿಲಿಗಿಟ್ಟ ಬಾಟಲಿ ತರಿಸಿ, "ಮುಚ್ಚಳ ತಗದು ಒಂದು ಸಲ ಮೂಸಿ ನೋಡು. ಒಂದೇ ಸಲ" ಎಂದೆ. ಅಪ್ಪ ತೆಗೆದ. ಮುಖ ಹಿಂದಕ್ಕೆ ಹೋಯಿತು. ಮತ್ತೆ ನಿಧಾನಕ್ಕೆ ಹತ್ತಿರ ತಂದು, ನನ್ನನ್ನು ನೋಡಿ ನಕ್ಕ.

"ಇದು ನಿನ್ನ ಬಟ್ಟಿ ವಾಸ್ನಿ ಅಲ್ಲೇನು? ನೀನು ಕೆಲ್ಸದಿಂದ ಬಂದಾಗ ಇದೇ ಬರ್ತಿತ್ತು."

ಹೌದು. ಹೆರಿಗೆಗೆ ಮೊದಲು ನಾನು ತವರಿನಿಂದಲೇ ಕೆಲಸಕ್ಕೆ ಓಡಾಡುತ್ತಿದ್ದೆ, ಅಪ್ಪ ಬಯಕೆಯ ತಿಂಡಿ ಕಟ್ಟಿಸಿಕೊಂಡು ಸೈಟಿಗೆ ಬರುತ್ತಿದ್ದ. ಹಾಗೆ ಬಂದಾಗ ಅಲ್ಲಿನ ಮಣ್ಣಿನ ಮೇಲೆ ನೀರು ಕೆಸುವಿನೆಲೆಯ ಮೇಲೆ ನಿಂತ ಹಾಗೆ ನಿಲ್ಲುವುದನ್ನು ಕಂಡಿದ್ದ. ನಾನು ರಜೆ ಹಾಕಿ ಕೆಲವು ದಿನ ಗಂಡನ ಊರಿಗೆ ಹೋದಾಗ, ಬೇಲಿಯಾಚೆ ರಸ್ತೆ ಬದಿಯಲ್ಲಿ ಬಿದ್ದಿದ್ದ, ಮೊದಲು ಅಗೆದ ಗುಡ್ಡೆಯಿಂದ ಕಾವಲಿನವನನ್ನು ಕೇಳಿ ಟ್ರ್ಯಾಕ್ಟರಿಗೆ ತುಂಬಿಸಿದನಂತೆ. ಸಾಗಿಸುವ ಕೆಲಸ ತಪ್ಪಿತೆಂದು ಅವನೂ ತುಂಬಿಕೊಳ್ಳಲು ಬಿಟ್ಟನಂತೆ. ಇದನ್ನೆಲ್ಲ ಅಪ್ಪ ಹೆಮ್ಮೆಯಿಂದಲೇ ಹೇಳಿದ.

"ಅಪ್ಪಾ, ಅದು ವಿಷ. ಕೂಸು ಉಸಿರಾಡ್ತೈತಿ ಅದನ್ನ. ಇವತ್ತೇ ತಗಸು" ಎಂದೆ. ನನ್ನ ದನಿ ಕಿರುಚಾಟವಾಗಿತ್ತು.

ಅಪ್ಪನ ನಗು ಆರಿತು. ಮಗಳಿಗೆಂದು ಹೊತ್ತು ಹಾಕಿದ ಮಣ್ಣನ್ನು ಮಗಳೇ ವಿಷ ಎಂದಳಲ್ಲ. "ವಿಷ ಅಂತಿ. ಹೊಟ್ಟ್ಯಾಗ ಕೂಸು ಇಟ್ಕೊಂಡು ಅಷ್ಟು ತಿಂಗ್ಳು ಅದರಾಗ ನಿಂತಿದ್ದಿ. ಆವಾಗ ಏನೂ ಆಗ್ಲಿಲ್ಲ. ಈಗ ಮಾಳಿಗಿ ಮ್ಯಾಲ ಇದ್ರ ಆಗಿಬಿಡ್ತೈತೇನು?" ಎಂದು ಬಾಟಲಿಯನ್ನು ಕಟ್ಟೆಯ ಮೇಲಿಟ್ಟು ಉಣ್ಣದೆ ಹೊರಟುಹೋದ.

ಇಷ್ಟು ದಿನ ನನ್ನನ್ನು ಕೊರೆಯುತ್ತಿದ್ದದ್ದು ಮಾಳಿಗೆಯೊಂದೇ ಅಲ್ಲ ಎಂದು ಆಗ ಗೊತ್ತಾಯಿತು. ಸೈಟಿನಲ್ಲಿ ಮೂಗಿಗೆ ಕಟ್ಟಿಕೊಳ್ಳಲು ಕೊಟ್ಟಿದ್ದದ್ದು ಧೂಳಿಗೆ ಕಟ್ಟುವ ಬಟ್ಟೆ. ಸೆಕೆಗೆ ಅದನ್ನೂ ಎಷ್ಟೋ ಸಲ ಇಳಿಸಿಕೊಂಡಿದ್ದೆ. ಬಸುರಿ ಅಲ್ಲಿ ನಿಲ್ಲಬಹುದೇ ಎಂದು ಯಾರೂ ಹೇಳಿರಲಿಲ್ಲ, ಕೇಳಿದರೆ ಕೆಲಸ ಹೋದೀತೆಂದು ನಾನು ಕೇಳಿರಲಿಲ್ಲ. ಮಣ್ಣನ್ನು ಮಾಳಿಗೆಯಿಂದ ಇಳಿಸಬಹುದು. ಆ ತಿಂಗಳುಗಳನ್ನು ಎಲ್ಲಿಂದ ಇಳಿಸಲಿ?

ಅವ್ವ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಕಟ್ಟೆಯ ಮೇಲಿನ ಬಾಟಲಿಯನ್ನು ತಾನೂ ಮೂಸಿದಳು. ಒಳಗೆ ಬಂದು ಕೂಸನ್ನು ಎತ್ತಿಕೊಂಡು, ತಾನೇ ಕಾಯುತ್ತಿದ್ದ ಹೊಸ್ತಿಲನ್ನು ತಾನೇ ದಾಟಿದಳು. "ಏಳು, ಮೆತ್ತಗ ಬಾ" ಎಂದಳು. ಕುರಿ ರೊಪ್ಪದ ಪಕ್ಕದ ಚಪ್ಪರದ ಕೆಳಗೆ ಮಂಚ ಹಾಕಿ, ಸುತ್ತ ಹಳೆಯ ಸೀರೆ ಕಟ್ಟಿದಳು. ಕುರಿಗಳ ಗಂಜಲದ ಘಾಟಿಗೆ ಕಣ್ಣು ಉರಿಯುತ್ತಿತ್ತು. ಅಷ್ಟು ಒಳ್ಳೆಯ ವಾಸನೆ ನಾನು ಎಂದೂ ಮೂಸಿರಲಿಲ್ಲ.

ಮರುದಿನ ಬೆಳಗ್ಗೆ ಮಾಳಿಗೆಯ ಮೇಲೆ ಸನಿಕೆಯ ಸದ್ದು. ಅಪ್ಪ ಯಾರಿಗೂ ಹೇಳದೆ ಹತ್ತಿದ್ದ. ಮೂತಿಗೆ ಟವೆಲು ಕಟ್ಟಿಕೊಂಡು ಕೆರೆದು ಕೆರೆದು ಕೆಳಗಿನ ಟ್ರ್ಯಾಕ್ಟರಿಗೆ ಸುರಿಯುತ್ತಿದ್ದ. ಮಧ್ಯಾಹ್ನಕ್ಕೆ ಮೋಡ ಕಟ್ಟಿತು. ಅರ್ಧ ಕೆರೆದ ಮಾಳಿಗೆಯ ಮೇಲೆ ಮಳೆ ಬಿದ್ದರೆ ಎಣ್ಣೆ ಇಳಿದು ಗೋಡೆ ಹಿಡಿಯುತ್ತದೆ, ಅಂಗಳದಲ್ಲಿ ಹರಿದು ಕುರಿಗಳ ನೀರಿನ ತೊಟ್ಟಿ ಸೇರುತ್ತದೆ ಎಂದು ನಾನು ಚಪ್ಪರದಿಂದಲೇ ಒದರುತ್ತಿದ್ದೆ. ಅಪ್ಪನ ಕೈ ಬಿರುಸಾಯಿತು. ಬಂದರಿಕೆ ಸೊಪ್ಪನ್ನೂ ಬಿಡದೆ ಕಿತ್ತು ಹಾಕಿದ. ಮೋಡ ನಾಲ್ಕು ಹನಿ ಉದುರಿಸಿ ಗುಡ್ಡದಾಚೆ ಹೋಯಿತು. ಬರಿಯ ತೊಲೆ ಜಂತೆಗಳ ಮೇಲೆ ಪ್ಲಾಸ್ಟಿಕ್ ಹೊದಿಸಿ, ಅಪ್ಪ ಟ್ರ್ಯಾಕ್ಟರ್ ಹತ್ತಿ ರಾಯದುರ್ಗಕ್ಕೆ ಹೋದ.

ಸಂಜೆ ಬಂದವನು ಮೈ ತೊಳೆದುಕೊಂಡ, ಮತ್ತೆ ತೊಳೆದುಕೊಂಡ. ಆಮೇಲೂ ಕೂಸನ್ನು ಮುಟ್ಟಲಿಲ್ಲ. ದೂರದಲ್ಲೇ ಕೂತು ನೋಡಿದ. ಅಲ್ಲೇನಾಯಿತು ಎಂದರೆ, "ಹಾಕಿ ಬಂದೆ" ಎಂದಷ್ಟೇ ಹೇಳಿದ.

ಆದದ್ದನ್ನು ಎರಡು ದಿನ ಬಿಟ್ಟು ಫೋನು ಮಾಡಿದ ಸಾರ್ ಹೇಳಿದರು. ಅಪ್ಪ ಮಣ್ಣನ್ನು ಸುರಿಸಿ, ನೇರ ಅವರ ಮುಂದೆ ಹೋಗಿ ಕೈಮುಗಿದನಂತೆ. ತಪ್ಪಾಯಿತು ಎನ್ನಲು ಬಂದಿದ್ದಾನೆಂದು ಅವರು ತಿಳಿದರಂತೆ. ಅಪ್ಪ ಕೇಳಿದ್ದು ಬೇರೆ. "ಇದನ್ನ ಮಾಳಿಗಿ ಮ್ಯಾಲ ಹಾಕಬಾರ್ದು ಅಂದ್ರ, ಬಸುರಿ ಹೆಣ್ಮಗಳನ್ನ ಇದರಾಗ ಯಾಕ ನಿಂದ್ರಿಸಿದ್ರಿ?"

"ನೀವೇನಂದ್ರಿ ಸಾರ್?" ಎಂದೆ. ಆ ಕಡೆಯಿಂದ ಮಣ್ಣು ತಿರುವಿ ಹಾಕುವ ಯಂತ್ರದ ಸದ್ದು ಕೇಳುತ್ತಿತ್ತು. ಆಮೇಲೆ, "ಪಾಪನು ಬಾಗಾ ಚೂಸ್ಕೋಮ್ಮಾ" ಎಂದರು, ಕೂಸನ್ನು ಚೆನ್ನಾಗಿ ನೋಡಿಕೋ ಎಂದು. ಕೆಲಸಕ್ಕೆ ಯಾವಾಗ ಬರುತ್ತೀ ಎಂದು ಕೇಳಲು ಫೋನು ಮಾಡಿದ್ದರೇನೋ. ಅದನ್ನು ಕೇಳಲಿಲ್ಲ.

ನಾನು ಇನ್ನೂ ಹೋಗಿಲ್ಲ. ಗುಡಿಬಂಡೆಯ ಕಡೆಯ ಮನೆಯಲ್ಲಿದ್ದೇನೆ. ಮಗಳ ತೂಕ ಸರಿಯಾಗಿದೆ, ರಕ್ತ ಸರಿಯಾಗಿದೆ ಎಂದು ಡಾಕ್ಟರು ಹೇಳುತ್ತಾರೆ. ಅವರ ಬಾಗಿಲು ದಾಟಿ ಬಂದ ಮೇಲೆ ಮತ್ತೆ ಒಳಗೆ ಹೋಗಿ, ನಿಜವಾಗಿ ಸರಿಯಾಗಿದೆಯಾ ಎಂದು ಕೇಳುತ್ತೇನೆ. ನಗುತ್ತಾರೆ. ಅವಳೀಗ ಅಂಬೆಗಾಲಿಟ್ಟು ಅಂಗಳಕ್ಕೆ ಇಳಿಯುತ್ತಾಳೆ, ಕಣ್ಣು ತಪ್ಪಿಸಿ ಮಣ್ಣು ತಿನ್ನುತ್ತಾಳೆ. ಬೇರೆ ತಾಯಂದಿರು ಬೈದು, ಬಾಯಿಗೆ ಬೆರಳು ಹಾಕಿ ತೆಗೆಯುತ್ತಾರೆ. ನಾನು ಮೊದಲು ಅವಳ ಬಾಯಿಯನ್ನು ಮೂಸುತ್ತೇನೆ.