ಟ್ರೈನಿಂಗ್ ಮಿಸ್ ಕಾದು ಕೂತದ್ದು

ನಾನು ತೆರಕಣಾಂಬಿಯಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ ಬಿ.ಎಡ್. ಓದುತ್ತಿದ್ದ ಒಬ್ಬರು ನಮಗೆ ಇಂಗ್ಲಿಷ್ ಕಲಿಸಲು ಬರುತ್ತಿದ್ದರು. ನಮ್ಮ ಬಾಯಲ್ಲಿ ಅವರು ಟ್ರೈನಿಂಗ್ ಮಿಸ್. ಗುಂಡ್ಲುಪೇಟೆಯವರು, ಮನೆಮಾತು ಉರ್ದು. ಪ್ರಶ್ನೆ ಕೇಳಿದ ಮೇಲೆ ಮೇಜಿನ ಹತ್ತಿರ ನಿಲ್ಲದೆ ನಮ್ಮ ಬೆಂಚಿಗೇ ಬಂದು ಕೂರುವರು. "ನಿಧಾನಕ್ಕೆ ಹೇಳು ಕಣಮ್ಮಿ. ನಾನೂ ಕನ್ನಡನ ತಪ್ಪು ತಪ್ಪಾಗೇ ಕಲ್ತಿದ್ದು" ಎನ್ನುವರು.

ನನ್ನ ಮಾತು ತೊದಲುತ್ತಿತ್ತು. ಅದಕ್ಕೇ ಬೇರೆ ಮೇಷ್ಟ್ರುಗಳು ನನ್ನನ್ನು ಬಿಟ್ಟು ಪಕ್ಕದವಳನ್ನು ಕೇಳುತ್ತಿದ್ದರು. ನನಗೂ ಅದೇ ಹಾಯೆನಿಸುತ್ತಿತ್ತು.

ಒಂದು ದಿನ ಮಿಸ್ ಪಾಠ ಮಾಡುವುದನ್ನು ನೋಡಿ ಅಂಕ ಹಾಕಲು ಅವರ ಕಾಲೇಜಿನ ಲೆಕ್ಚರರ್ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಆವತ್ತೇ ಮಿಸ್ ನನ್ನನ್ನು ಎಬ್ಬಿಸಿ, ನಿಮ್ಮಮ್ಮ ಏನು ಮಾಡುತ್ತಾರೆಂದು ಇಂಗ್ಲಿಷಿನಲ್ಲಿ ಕೇಳಿದರು. "ಮೈ ಮದರ್" ಎನ್ನುವಷ್ಟರಲ್ಲಿ ನಾಲಗೆ ನಿಂತುಹೋಯಿತು. ಹುಡುಗರು ಕಿಸಕ್ಕನೆ ನಕ್ಕರು. ಲೆಕ್ಚರರ್ ಗಡಿಯಾರ ನೋಡಿಕೊಂಡರು.

"ಅವಳ್ಗೆ ಬರಲ್ಲ ಮಿಸ್, ನಾನ್ ಹೇಳ್ತೀನಿ" ಎಂದು ಪಕ್ಕದವಳು ಕೈಯೆತ್ತಿದಳು. ಮಿಸ್ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ನನ್ನ ಪಕ್ಕ ಕೂತು, "ನಿಧಾನಕ್ಕೆ ಹೇಳು ಕಣಮ್ಮಿ" ಎಂದು ಕಾದರು. ಎಷ್ಟು ಹೊತ್ತು ಕಾದರೋ! ಕೊನೆಗೆ, ತಡವರಿಸುತ್ತಲೇ, "ಮೈ ಮದರ್ ಸೆಲ್ಸ್ ಫ್ಲವರ್ಸ್" ಎಂದೆ. ಬೆಲ್ ಹೊಡೆಯಿತು.

"ಪಾಠ ಅರ್ಧಕ್ಕೇ ನಿಂತಿತಲ್ಲಮ್ಮ, ಅಂಕ ಹೇಗೆ ಕೊಡಲಿ?" ಎಂದರು ಲೆಕ್ಚರರ್.

"ಕಮ್ಮಿನೇ ಕೊಡಿ ಸರ್. ಆದ್ರೆ ಅವಳು ಹೇಳಿದ್ದು ನಿಮಗೆ ಕೇಳಿಸ್ತಲ್ವಾ?" ಎಂದರು ಮಿಸ್.

ಈಗಲೂ ನನ್ನ ಮಾತು ತೊದಲುತ್ತದೆ. ಆದರೆ ಆವತ್ತಿನಿಂದ ನನ್ನ ಸರದಿಯನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ.