ಮೈಕಿನವನ ಹೆಂಡತಿ

ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ರಾಜಕೀಯಕ್ಕೆ ಬಂದವರು ಬೇಕಾದಷ್ಟು ಜನ. ಗೆದ್ದ ಮೇಲೂ ಅದನ್ನು ಆರಲು ಬಿಡದವಳು ಇವಳೊಬ್ಬಳೇ. ಊರೆಲ್ಲ ಅವಳನ್ನು ಎದುರಿಗೆ ಅಕ್ಕ ಎನ್ನುತ್ತಿತ್ತು. ಬೆನ್ನ ಹಿಂದೆ ಮಾತ್ರ, ಶಾಸಕಿಯಾದ ಮೇಲೂ, ಮೈಕಿನವನ ಹೆಂಡತಿ.

ಗಂಡ ಸಭೆಗಳಿಗೆ ಮೈಕು ಹಾಕುವವನು. ಆಗ ಊರಿಗೆಲ್ಲ ಒಬ್ಬರೇ ನಾಯಕರು, ಎಲ್ಲರ ಬಾಯಲ್ಲೂ ಸಾಹೇಬರು. ಭಾಷಣದ ಭರದಲ್ಲಿ ಮೈಕು ಹಿಡಿದು ಓಡಾಡುವುದು ಅವರ ಚಟ. "ಸ್ಪೀಕರ್ ಮುಂದೆ ಮಾತ್ರ ಬರಬೇಡಿ ಸಾಹೇಬ್ರೇ, ಕೂಗುತ್ತೆ," ಎಂದು ಇವನು ಕೈಮುಗಿದು ಹೇಳಿದ್ದ. ಅವರು ನೆಟ್ಟಗೆ ಅಲ್ಲಿಗೇ ಬಂದರು. ಕಿವಿ ಹರಿಯುವಂತೆ ಕಿರುಚಿತು, ಜನ ಘೊಳ್ಳೆಂದು ನಕ್ಕರು. ಸಾಹೇಬರು ಇವನನ್ನು ವೇದಿಕೆಗೆ ಕರೆದು ಎಲ್ಲರೆದುರು ಕೆನ್ನೆಗೆ ಬಾರಿಸಿದರು. ಮೈಕು ಅವರ ಇನ್ನೊಂದು ಕೈಯಲ್ಲೇ ಇತ್ತು. ಏಟಿನ ಸದ್ದು ಬೀದಿಯ ಕೊನೆಯ ತನಕ ಕೇಳಿಸಿತು. ಹೆಂಗಸರ ಸಾಲಿನಲ್ಲಿ ಅವಳು ಕೂತಿದ್ದಳು.

ಮನೆಗೆ ಬಂದ ಗಂಡ ವೈರು ಸುತ್ತುತ್ತ, "ದೊಡ್ಡೋರು, ಬಿಡೇ," ಎಂದ.

"ನೀವು ಬಿಡಿ, ನಾನು ಬಿಡಲ್ಲ. ತಪ್ಪಾಯ್ತು ಅಂತ ಅವನ ಬಾಯಿಂದ ಮೈಕಲ್ಲೇ ಅನ್ನಿಸ್ತೀನಿ."

ಅನ್ನಿಸುವುದಕ್ಕೆ ಅಧಿಕಾರ ಬೇಕಿತ್ತು. ನಲ್ಲಿಯಲ್ಲಿ ನೀರು ಬಾರದ ಬೀದಿಗಳ ಹೆಂಗಸರನ್ನು ಕಟ್ಟಿಕೊಂಡು ಪುರಸಭೆಯ ಮೆಟ್ಟಿಲ ಮೇಲೆ ಕೂತಳು. ಸದಸ್ಯೆಯಾದಳು, ಅಧ್ಯಕ್ಷೆಯಾದಳು. ನೀರು ಬಂತು, ಚರಂಡಿ ಬಂತು, ಜನ ಹೊಗಳಿದರು. ಒಳ್ಳೆಯದು ಮಾಡಿದ್ದೇನೋ ನಿಜ. ಆದರೆ ಹೊಸ ನಲ್ಲಿ ತಿರುಗಿಸುವಾಗಲೆಲ್ಲ ಅವಳು ಮನಸ್ಸಿನಲ್ಲಿ ಹಿಂಡುತ್ತಿದ್ದದ್ದು ಸಾಹೇಬರ ಕಿವಿಯನ್ನು. ಕೊನೆಗೆ ಅವರ ವಿರುದ್ಧವೇ ನಿಂತು, ಅವರಿಗೆ ಮಣ್ಣು ಮುಕ್ಕಿಸಿ ಶಾಸಕಿಯಾದಳು. ಅಷ್ಟಕ್ಕೂ ಹೊಟ್ಟೆ ತಣ್ಣಗಾಗಲಿಲ್ಲ.

ಮುಂದಿನ ಪುರಸಭೆ ಚುನಾವಣೆಗೆ ಸಾಹೇಬರ ಮಗನಿಗೆ ಅವಳ ಪಕ್ಷದ ಟಿಕೆಟ್ ಬೇಕಾಯಿತು. ಮುದುಕರು ಕೋಲೂರಿಕೊಂಡು ಮನೆಗೆ ಬಂದರು.

"ಕೊಡ್ತೀನಿ. ತುಂಬಿದ ಸಭೇಲಿ ನನ್ನ ಗಂಡನ ಕ್ಷಮೆ ಕೇಳಿ," ಎಂದಳು.

ಅವರು ಕೋಲಿನ ತುದಿ ನೋಡುತ್ತ, "ಆಗ್ಲಮ್ಮ," ಎಂದರು. ಆ ಒಂದು ಮಾತಿಗೆ ಅವಳ ಗಂಟಲಲ್ಲಿ ಜೇನು ಇಳಿದ ಹಾಗಾಯಿತು.

ಸಭೆಗೆ ಊರೇ ಬಂದಿತ್ತು. ಮೈಕು ತಾನೇ ಹಾಕುತ್ತೇನೆಂದು ಗಂಡ ಹಟ ಹಿಡಿದಿದ್ದ; ಶಾಸಕಿಯ ಗಂಡನಾದರೂ ಕೆಲಸ ಬಿಟ್ಟವನಲ್ಲ. ಸಾಹೇಬರು ನಡುಗುತ್ತ ಎದ್ದು ನಿಂತರು. ಅವಳು ಕುರ್ಚಿಯ ತುದಿಗೆ ಸರಿದಳು. ಗಂಡ ಮೈಕನ್ನು ಅವರ ಬಾಯಿಯ ಮಟ್ಟಕ್ಕೆ ಇಳಿಸಿ, ಬೆರಳಿನಿಂದ ತಟ್ಟಿ ನೋಡಿ, ತಲೆಯೆತ್ತಿದ. ಮುದುಕರ ಮುಖ ಕಂಡದ್ದೇ ಕರಗಿಹೋದ.

"ಏನೂ ಹೇಳ್ಬೇಡಿ ಸಾಹೇಬ್ರೇ. ಆವತ್ತು ತಪ್ಪು ನಂದೇ. ನೀವೇ ನನ್ನ ಕ್ಷಮಿಸ್ಬೇಕು."

ಕಂಬಕ್ಕೆ ಕಟ್ಟಿದ ಹಾರ್ನುಗಳೆಲ್ಲ ಅದನ್ನು ಊರಿಗೇ ಸಾರಿದವು. ಸಾಹೇಬರ ನಡುಕ ಅಲ್ಲಿಗೇ ನಿಂತಿತು. "ಆಗ್ಲಿ ಬಿಡಪ್ಪ, ಕ್ಷಮಿಸಿದ್ದೀನಿ," ಎಂದು ಅವನ ಬೆನ್ನು ತಟ್ಟಿ, ಹೋಗಿ ಕೂತರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಗಂಡ ನಗುನಗುತ್ತ ಅವಳ ಬಳಿ ಬಂದ. ಅವಳ ಬಲಗೈ ತುರಿಸಿತು. ಈ ಸಲ ಸಾಹೇಬರ ಕೆನ್ನೆಗಲ್ಲ.