ತಾಪಿಯ ನಡುನೀರಲ್ಲಿ ಕಾಲು ಹಿಡಿದಾಗ

ಸೂರತ್ತಿನ ತಾಪಿ ನದಿಯನ್ನು ಒಂದೇ ಉಸಿರಿಗೆ ದಾಟುತ್ತಿದ್ದವನು ನಾನೊಬ್ಬನೇ. ಕಂಡವರೆಲ್ಲ ಈಗ ತೀರಿಕೊಂಡಿದ್ದಾರೆ. ಒಮ್ಮೆ ನಾನು ಕೆಲಸಕ್ಕಿದ್ದ ಹೋಟೆಲಿನಲ್ಲಿ ಹಿಟ್ಟು ರುಬ್ಬಿ ದಣಿದು, ಗುಟುಕು ನೀರೂ ಕುಡಿಯದೆ ಧುಮುಕಿದೆ. ನಡುಹೊಳೆಯಲ್ಲಿ ಕಾಲಿನ ಮೀನಖಂಡ ಕಲ್ಲಿನಂತೆ ಗಂಟು ಕಟ್ಟಿತು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಆಗ ಮುದುಕ ಕಾಕಾ ಒಬ್ಬರು ಮಂಚದ ಮೇಲೆ ಮಲಗಿದಂತೆ ತೇಲುತ್ತಾ ಬಂದರು ಮಾರಾಯ್ರೇ, ಕೈಯಲ್ಲಿ ಚಹಾದ ಲೋಟ! "ಒದ್ದಾಡಬೇಡ ಭಾಯ್, ಅಂಗಾತ ಮಲಗು" ಎಂದು ನನ್ನ ಕಾಲಿನ ಹೆಬ್ಬೆರಳು ಹಿಡಿದು ನನ್ನ ಕಡೆಗೇ ಬಾಗಿಸಿದರು. ಗಂಟು ಸಡಿಲವಾಯಿತು. "ಇನ್ನು ಮೇಲೆ ನೀರು ಕುಡಿದು, ಕಾಲು ಸಡಿಲ ಮಾಡಿಕೊಂಡು ಇಳಿ" ಎಂದರು. ಬೆರಳು ಬಿಡಲಿಲ್ಲ, ಚಹಾ ಚೆಲ್ಲಲಿಲ್ಲ, ನನ್ನ ಜುಟ್ಟು ಹಿಡಿದು ದಡಕ್ಕೆ ಎಳೆದರು!

ಮೊನ್ನೆ ಇದನ್ನು ಕೇಳಿದ ದೋಸೆ ಹೊಯ್ಯುವ ಸದಾನಂದ, "ಅಜ್ಜ, ಬೆರಳಿಗೊಂದು ಕೈ, ಚಹಾಕ್ಕೊಂದು ಕೈ. ಜುಟ್ಟಿಗೆ ಯಾವ ಕೈ?" ಅಂದ.

"ನನಗೂ ಅದೇ ಆಶ್ಚರ್ಯ" ಎಂದು ಭುಜ ಕುಣಿಸಿದೆ.